ಏಳು ಗಂಟೆಯ ನೀರು

ಕಿಟೊಸಿ
16 ಫೆಬ್ರವರಿ 1997

ಅಳಿಯಂದಿರಿಗೆ,

ಅತ್ತೆ ಯೂನಿಯಾ ಕ್ಷೇಮ ಕೇಳಿದ್ದಾಳೆ ಎಂದು ತಿಳಿಯಿರಿ. ಮಂಡಿಯೂರಿ ಕೇಳಬೇಕಾದದ್ದು. ನನ್ನ ಮಂಡಿ ಒಮ್ಮೆ ಊರಿದರೆ ಎಬ್ಬಿಸಲು ಇಬ್ಬರು ಬೇಕು, ಅದಕ್ಕೆ ಚಾಪೆಯ ಮೇಲೆ ಕಾಲು ಚಾಚಿಕೊಂಡೇ ಕೇಳುತ್ತಿದ್ದೇನೆ. ಅತ್ತೆ ಅಳಿಯನ ಮುಖ ನೋಡಬಾರದು, ಹೆಸರೆತ್ತಬಾರದು, ಇಬ್ಬರೂ ಒಂದೇ ಬಾಗಿಲಲ್ಲಿ ಹಾಯಬಾರದು ಅಂತ ಕಟ್ಟು ಮಾಡಿದ ನಮ್ಮ ಹಿರಿಯರಿಗೆ ಅಂಚೆಯ ವಿಷಯ ಗೊತ್ತಿರಲಿಲ್ಲ, ಪುಣ್ಯ. ಲಕೋಟೆಯ ಮೇಲೆ ನಿಮ್ಮ ಹೆಸರನ್ನು ಪಾದ್ರಿಗಳ ಕೈಯಲ್ಲಿ ಬರೆಸಿದ್ದೇನೆ.

ಮೊಮ್ಮಗಳು ಪೆರೇಪೆತ್ವಳ ಕೆಮ್ಮು ನಿಂತಿತೆ? ತಾಯಿಯಿಲ್ಲದ ಮಗು. ಪಟ್ಟಣದ ಗಂಡಸಿಗೆ ಕೆಮ್ಮು ಕೇಳಿಸುವುದು ತಡವಾಗಿ.

ವಿಷಯಕ್ಕೆ ಬರುತ್ತೇನೆ. ನೀವು ಕೆಲಸ ಮಾಡುವ ನೀರಿನ ಕಚೇರಿಯಿಂದ ನನಗೊಂದು ಕಾಗದ ಬಂದಿದೆ. ಟೈಪು ಮಾಡಿದ್ದು, ಕೆಳಗೆ ಸೀಲು. 'ಕಿಟೊಸಿ ಕಂಬದ ಅಳತೆಗಳು 1994ರ ಕೊನೆಯವರೆಗೆ ಸ್ಥಿರವಾಗಿದ್ದು, ಆಮೇಲೆ ಅಸಂಬದ್ಧವಾಗಿ ಏರಿಳಿದಿವೆ. ಬೆಳಗಿನ ಏಳು ಗಂಟೆಗೆ ಓದುವ ನಿಯಮ ಪಾಲಿಸತಕ್ಕದ್ದು' ಅಂತ. 1994 ಅಂದರೆ ನನ್ನ ಗಂಡ ಸತ್ತ ವರ್ಷ. ಹತ್ತೊಂಬತ್ತು ವರ್ಷ ಅವರು ಏಳಕ್ಕೆ ಸರಿಯಾಗಿ ಹೊಳೆಗಿಳಿದು, ನೀರೊಳಗಿನ ಕಂಬದ ಮೇಲೆ ಎಷ್ಟನೇ ಗೆರೆ ಮುಳುಗಿದೆ ಅಂತ ನೋಡಿ ಬರೆದರು. ಅವರಾದ ಮೇಲೆ ನಾನು ಬರೆಯುತ್ತಿದ್ದೇನೆ. ಅವರು ಓದಿದರೆ ಹೊಳೆ ಸಾಧು, ನಾನು ಓದಿದರೆ ಹೊಳೆಗೆ ಹುಚ್ಚು!

ಭಾವ ಸೆಬಾಗಲರಂತೂ ಕುಲದ ಹಿರಿಯರ ಮುಂದೆಯೇ ಹೇಳಿದರು, "ಹೆಂಗಸು ಕಂಬ ಮುಟ್ಟಿದ ಮೇಲೇ ಹೊಳೆ ಕೆಟ್ಟಿದ್ದು. ನೀರೊಳಗಿರೋ ದೇವತೆಗೆ ಸಿಟ್ಟು ಬಂದಿದೆ, ಯಾವಾಗ ಬೇಕಾದ್ರೂ ಎದ್ದು ಬರ್ತಾಳೆ."

ನಾನೂ ಬಿಡಲಿಲ್ಲ. "ಹಾಗಾದ್ರೆ ನನ್ನ ಮಗಳನ್ನ ಅವಳೇ ಒಯ್ದಳು ಅನ್ನಿ. ಮಗಳೇ ಹೋಗಿ ಬಿದ್ದಳು ಅಂತ ಯಾಕಂತೀರಿ?" ಅಂದೆ.

ಭಾವನವರು ಮೂಗಿಗೆ ನಶ್ಯ ಏರಿಸಿದರು. ಬಂದದ್ದು ಸೀನು.

ನಿಮ್ಮ ಹೆಂಡತಿ, ನನ್ನ ಮಗಳು ನಾಮುಲೊಂಡೊ, ಇನ್ನೂ ರಸ್ತೆಯಾಚೆಯ ಜವುಗಿನಲ್ಲೇ ಇದ್ದಾಳೆ. ತಾನಾಗಿ ಸತ್ತವಳಿಗೆ ಬಾಳೆತೋಟದೊಳಗಿನ ಕುಲದ ಸಮಾಧಿಯಲ್ಲಿ ಜಾಗವಿಲ್ಲ, ಮೈಗೆ ಸುತ್ತಲು ಮರದ ತೊಗಟೆಯ ಬಟ್ಟೆಯೂ ಇಲ್ಲ. ಮಳೆ ಬಂದಾಗೆಲ್ಲ ಮಣ್ಣು ಕುಸಿಯುತ್ತದೆ. ನಾನು ಹೋಗಿ ಬುಟ್ಟಿಯಲ್ಲಿ ಮಣ್ಣು ತುಂಬಿ ಬರುತ್ತೇನೆ. ಆರು ತಿಂಗಳಲ್ಲಿ ಆರು ಸಲ.

ನಿಮ್ಮ ಕಚೇರಿಯವರಿಗೆ ಹೇಳಿ, ಮುದುಕಿಗೆ ಗೆರೆ ಎಣಿಸಲು ಬರುತ್ತದೆ.

ಯೂನಿಯಾ


ಕಂಪಾಲ
2 ಮಾರ್ಚ್ 1997

ಪೂಜ್ಯ ಅತ್ತೆಯವರಿಗೆ,

ದೂರದಿಂದ, ಗೋಡೆಯ ಆಚೆ ನಿಂತು ನಮಸ್ಕರಿಸುತ್ತೇನೆ. ಪೆರೇಪೆತ್ವ ಚೆನ್ನಾಗಿದ್ದಾಳೆ. ಕೆಮ್ಮು ನಿಂತಿದೆ. ನನಗೆ ಬೇಗನೇ ಕೇಳಿಸಿತ್ತು.

ಆ ಕಾಗದ ನಾನು ಬರೆದದ್ದಲ್ಲ. ಆದರೆ ನಿಮ್ಮ ತಿಂಗಳ ಹಾಳೆಗಳನ್ನು ಕಂಪ್ಯೂಟರಿಗೆ ಸೇರಿಸುವವನು ನಾನೇ, ಅಳತೆಗಳು ಜಿಗಿಯುವುದನ್ನು ಮೊದಲು ಕಂಡವನೂ ನಾನೇ. ಅದರ ಬಗ್ಗೆ ನನಗೊಂದು ಯೋಚನೆ ಬಂದಿದೆ. ಈಗಲೇ ಹೇಳಿ ಸುಮ್ಮನೆ ಆಸೆ ಹುಟ್ಟಿಸಲು ಮನಸ್ಸಿಲ್ಲ.

ನೀವು ಮನೆಯಲ್ಲಿ ಬರೆದಿಡುವ ಪುಸ್ತಕ ಒಂದು ಇದೆಯೆಂದು ನಾಮುಲೊಂಡೊ ಹೇಳುತ್ತಿದ್ದಳು. ಅದನ್ನು ದಯವಿಟ್ಟು ಕಳಿಸಿಕೊಡಿ. ಅವಳು ಹೋದ ಆಗಸ್ಟ್ ತಿಂಗಳು ಅದರಲ್ಲಿ ಇರಲೇಬೇಕು. ಕಚೇರಿಗೆ ಹೇಳಬೇಡಿ, ಹಿರಿಯರಿಗೂ ಬೇಡ. ಟ್ಯಾಕ್ಸಿ ನಿಲ್ದಾಣದಲ್ಲಿ ಯಾರ ಕೈಯಲ್ಲಿ ಕೊಟ್ಟರೂ ನನಗೆ ಸೇರುತ್ತದೆ.

ಪೆರೇಪೆತ್ವಳ ಶಾಲೆಯ ಚಿತ್ರವೊಂದನ್ನು ಇಟ್ಟಿದ್ದೇನೆ. ಅದರಲ್ಲಿರುವುದು ಹಸು ಅಂತೆ.

ನಿಮ್ಮ ಅಳಿಯ
ಎರಿಸಾ ಲುಟಾಯ


ಕಿಟೊಸಿ
30 ಮಾರ್ಚ್ 1997

ಅಳಿಯಂದಿರಿಗೆ,

ಹಸುವಿಗೆ ಐದು ಕಾಲು. ಇರಲಿ, ಕಡಿಮೆಯಿದ್ದರೆ ಕಷ್ಟ.

ಪುಸ್ತಕ ಕಳಿಸಿದ್ದೇನೆ. ನೀವು ಕೇಳಿದ ಮೇಲೆ ನಾಲ್ಕು ವಾರ ಹಿಡಿದದ್ದಕ್ಕೆ ಮನ್ನಿಸಿ, ತೋಟದಲ್ಲಿ ಕೆಲಸವಿತ್ತು. ಅದರಲ್ಲಿ ಮಸಿಯಿಲ್ಲ, ಎಣ್ಣೆಯಿಲ್ಲ, ಒಂದು ಗೀಟು ಕೂಡ ಓರೆಯಿಲ್ಲ. ನಾಲ್ಕನೇ ತರಗತಿಯಲ್ಲಿ ನನ್ನ ಅಕ್ಷರ ನೋಡಿ ಟೀಚರಮ್ಮ ಬಹುಮಾನವಾಗಿ ಸೋಪು ಕೊಟ್ಟಿದ್ದರು. ಪ್ರತಿ ಸಾಲಿನಲ್ಲೂ ಬೆಳಗಿನ ಏಳು ಗಂಟೆ, ಪಕ್ಕದಲ್ಲಿ ಗೆರೆ. ನಿಮ್ಮ ಕಚೇರಿಯ ಸಾಹೇಬರಿಗೆ ಬೇಕಾದರೂ ತೋರಿಸಿ, ನಾಚಿಕೆಯಿಲ್ಲ.

ಆ ದಿನದ್ದು, ಆಗಸ್ಟ್ ಇಪ್ಪತ್ತರದ್ದು, ಖಾಲಿ ಇದೆ. ಆ ದಿನ ನಾನು ಗುಡ್ಡದಾಚೆಯ ಊರಿಗೆ ಸಾವಿನ ಮನೆಗೆ ಹೋಗಿದ್ದೆ. ಯಾರದೋ ಸಾವಿಗೆ ಅತ್ತು ಸಂಜೆ ತಿರುಗಿ ಬಂದೆ. ಅಂಗಳದಲ್ಲಿ ಜನ ಸೇರಿದ್ದರು. ನಮ್ಮ ಮನೆಗೇಕೆ ಇಷ್ಟು ಜನ ಅಂತ ನಾನೇ ಕೇಳಿದೆ.

ನಿಮ್ಮ ಯೋಚನೆ ಏನೋ ನನಗೆ ಗೊತ್ತಿಲ್ಲ. ಗೊತ್ತಾಗುವುದು ಬೇಡವೆಂದು ನೀವೇ ತೀರ್ಮಾನಿಸಿದ್ದೀರಿ. ಗಂಡಸರು ಗುಟ್ಟು ಇಟ್ಟುಕೊಂಡರೆ ಅದು ಯೋಚನೆ, ಹೆಂಗಸರು ಇಟ್ಟುಕೊಂಡರೆ ಕುತಂತ್ರ. ಇರಲಿ.

ಯೂನಿಯಾ


ಕಂಪಾಲ
8 ಜೂನ್ 1997

ಪೂಜ್ಯ ಅತ್ತೆಯವರಿಗೆ,

ಬರೆಯಲು ತಡಮಾಡಿದೆ. ಒಳ್ಳೆಯ ಸುದ್ದಿಯಿಟ್ಟುಕೊಂಡು ಬರೆಯಬೇಕೆಂದಿದ್ದೆ. ಒಳ್ಳೆಯ ಸುದ್ದಿ ಬರಲಿಲ್ಲ. ನನ್ನ ಯೋಚನೆ ಏನಿತ್ತೆಂದು ಈಗಲಾದರೂ ಹೇಳಿಬಿಡುತ್ತೇನೆ.

ಹೊಳೆಯ ಮೇಲ್ಗಡೆ ಕಂಪನಿ ಕಟ್ಟಿದ ಅಣೆಕಟ್ಟು ಕರೆಂಟು ತೆಗೆಯಲು ಶುರುಮಾಡಿದ್ದು 1994ರ ನವೆಂಬರಿನಲ್ಲಿ. ಮಾವನವರು ತೀರಿಕೊಂಡದ್ದೂ ಆಗಲೇ. ಹೊಳೆ ಕೆಟ್ಟದ್ದು ನೀವು ಕಂಬ ಮುಟ್ಟಿದ್ದರಿಂದಲ್ಲ, ಕಂಪನಿಯವರು ಅಣೆಕಟ್ಟಿನ ಬಾಗಿಲು ಮುಚ್ಚಿ ನೀರು ತುಂಬಿಸಿಕೊಂಡು, ತುಂಬಿದ ಮೇಲೆ ಒಮ್ಮೆಲೇ ಬಿಡುವುದರಿಂದ ಎಂದು ನನ್ನ ಅನುಮಾನ. ಕಂಪನಿಯನ್ನು ಕೇಳಿದರೆ 'ನಾವು ಬಿಡುವ ನೀರು ಸದಾ ಒಂದೇ ಸಮ' ಎನ್ನುತ್ತಾರೆ. ತುಂಬಲು ಬೇಕಾಗುವ ಹೊತ್ತು ಸರಿಯಾಗಿ ಒಂದು ದಿನವಲ್ಲದಿದ್ದರೆ, ನೀರು ಇಂದು ಬೆಳಿಗ್ಗೆ, ನಾಳೆ ಮಧ್ಯಾಹ್ನ, ನಾಡಿದ್ದು ಸಂಜೆ ಬರುತ್ತದೆ. ನೋಡುವವರಿಗೆ ಅದು ಹೊಳೆಯ ಹುಚ್ಚು.

ಇಲ್ಲಿ ವಿಶ್ವವಿದ್ಯಾಲಯದ ಒಬ್ಬ ಮೇಡಂ ಇಂಥ ಬಡಿತವನ್ನು ಹುಡುಕುವ ಲೆಕ್ಕ ಕಲಿಸಿದರು. ಅಳತೆ ತೆಗೆದ ಹೊತ್ತು ಹೇಗೆ ಬೇಕಾದರೂ ಚೆದುರಿರಲಿ, ನಡುನಡುವೆ ದಿನಗಳು ತಪ್ಪಿರಲಿ, ಆ ಲೆಕ್ಕಕ್ಕೆ ನಡೆಯುತ್ತದೆ. ಒಂದು ಉದ್ದದ ಬಾಳೆನಾರಿನ ಹಗ್ಗ ತೆಗೆದುಕೊಳ್ಳಿ. ಒಂದು ಗೇಣು ಒಂದು ತಾಸು. ನೀರು ಏರಿದ್ದನ್ನು ಕಂಡ ಹೊತ್ತಿಗೆಲ್ಲ ಒಂದೊಂದು ಗಂಟು ಹಾಕಿ. ಈಗ ಮನೆಯಲ್ಲಿರುವ ದೊಡ್ಡ, ಸಣ್ಣ, ನಡುವಿನ ಎಲ್ಲ ಮಡಕೆಗಳಿಗೂ ಆ ಹಗ್ಗವನ್ನು ಒಂದಾದ ಮೇಲೊಂದಕ್ಕೆ ಸುತ್ತಿ ನೋಡಿ. ತಪ್ಪು ಮಡಕೆಗೆ ಸುತ್ತಿದರೆ ಗಂಟುಗಳು ಸುತ್ತಲೂ ಚೆಲ್ಲಾಪಿಲ್ಲಿ. ಒಂದೇ ಒಂದು ಮಡಕೆಗೆ ಸುತ್ತಿದಾಗ ಗಂಟುಗಳೆಲ್ಲ ಒಂದರ ಮೇಲೊಂದು ಒಂದೇ ಸಾಲಿಗೆ ಬರುತ್ತವೆ. ಆ ಮಡಕೆಯ ಸುತ್ತಳತೆಯೇ ಹೊಳೆಯ ಬಡಿತ. ಅದು ಸಿಕ್ಕರೆ, ಯಾರೂ ಕಂಬ ನೋಡದ ದಿನದಲ್ಲೂ ನೀರು ಎಷ್ಟು ಹೊತ್ತಿಗೆ ಏರಿತ್ತೆಂದು ಹೇಳಬಹುದು. ಆಗಸ್ಟ್ ಇಪ್ಪತ್ತರ ಮಧ್ಯಾಹ್ನ ನಾಮುಲೊಂಡೊ ಹೊಳೆ ದಾಟಲು ಇಳಿದ ಕಾಲುದಾರಿಯ ಕಡವಿನಲ್ಲಿ ನೀರು ಮೊಣಕಾಲಿಗಿತ್ತೋ ಎದೆಗಿತ್ತೋ ಎಂದು ಹಿರಿಯರ ಮುಂದೆ ಇಡಬಹುದಿತ್ತು.

ನಿಮ್ಮ ಪುಸ್ತಕದ ಐನೂರು ಅಳತೆಗಳನ್ನು ಸಾವಿರಾರು ಮಡಕೆಗಳಿಗೆ ಸುತ್ತಿದ್ದಾಯಿತು. ಯಾವುದಕ್ಕೂ ಕೂಡಲಿಲ್ಲ. ಹೊಳೆಗೆ ಬಡಿತವೇ ಇಲ್ಲ. ಅನುಮಾನ ತಪ್ಪು. ಮನ್ನಿಸಿ.

ಎರಿಸಾ


ಕಿಟೊಸಿ
15 ಜೂನ್ 1997

ಅಳಿಯಂದಿರಿಗೆ,

ಒಂದು ಪ್ರಶ್ನೆ. ಗಂಟುಗಳನ್ನು ಇದ್ದ ಜಾಗದಿಂದ ಬಿಚ್ಚಿ, ಚೆನ್ನಾಗಿ ಕಾಣಲಿ ಅಂತ ಯಾರಾದರೂ ಸಮಸಮ ದೂರಕ್ಕೆ ಹಾಕಿದ್ದರೆ?

ಯೂನಿಯಾ


ಕಂಪಾಲ
24 ಜೂನ್ 1997

ಪೂಜ್ಯ ಅತ್ತೆಯವರಿಗೆ,

ಹಾಗಾಗಿದ್ದರೆ ಯಾವ ಮಡಕೆಯೂ ಕೂಡುವುದಿಲ್ಲ. ಎಷ್ಟು ಗೆರೆ ಎನ್ನುವುದರಲ್ಲಿ ಸ್ವಲ್ಪ ತಪ್ಪಿದ್ದರೂ ನಡೆದೀತು, ಯಾವ ಹೊತ್ತು ಎನ್ನುವುದು ತಪ್ಪಿದರೆ ಎಲ್ಲವೂ ಹೋಯಿತು. ಆದರೆ ನೀವು ದಿನವೂ ಏಳಕ್ಕೇ ಓದಿದ್ದೀರಲ್ಲ. ಏಕೆ ಕೇಳಿದಿರಿ?

ಎರಿಸಾ


ಕಿಟೊಸಿ
11 ಆಗಸ್ಟ್ 1997

ಅಳಿಯಂದಿರಿಗೆ,

ಏಳು ವಾರದಿಂದ ಈ ಕಾಗದ ಬರೆದು ಹರಿಯುತ್ತಿದ್ದೇನೆ. ಒಲೆಗೆ ಬೆಂಕಿ ಹಚ್ಚಲು ಅನುಕೂಲವಾಯಿತು.

ನಾನು ಯಾವತ್ತೂ ಏಳಕ್ಕೆ ಓದಿಲ್ಲ. ಏಳಕ್ಕೆ ಮೇಕೆ ಬಿಡಬೇಕು, ಬಾಳೆಯ ಬುಡ ಕೆದಕಬೇಕು. ಗಂಡಸು ಏಳಕ್ಕೆ ಹೊಳೆಗೆ ಹೋಗಬಲ್ಲ, ಏಕೆಂದರೆ ಮನೆಯಲ್ಲಿ ಹೆಂಗಸಿದ್ದಾಳೆ. ನಾನು ಹೊಳೆಗೆ ಹೋಗುವುದು ಹೋಗಬೇಕಾದಾಗ. ಹೋದಾಗ ಕಂಬ ನೋಡುತ್ತಿದ್ದೆ, ಮನೆಗೆ ಬಂದು ನಿಮ್ಮ ಮಾವನ ಗಡಿಯಾರ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದೆ. ಗಡಿಯಾರ ಆಗಾಗ ನಿಲ್ಲುತ್ತದೆ. ಅದಕ್ಕೆ ಯಾವ ಕೆಲಸಕ್ಕೆ ಹೋಗಿದ್ದೆ ಎಂಬುದನ್ನೂ ಬರೆಯುತ್ತಿದ್ದೆ. ಕಚೇರಿಯ ಹಾಳೆಯಲ್ಲಿ 'ಏಳು ಗಂಟೆ' ಅಂತ ಮೊದಲೇ ಅಚ್ಚಾಗಿದೆ, ಬೇರೆ ಹೊತ್ತು ಬರೆಯಲು ಜಾಗವೇ ಇಲ್ಲ. ಅಲ್ಲಿಗೆ ಗೆರೆ ಮಾತ್ರ ಹೋಗುತ್ತಿತ್ತು.

ಪುಸ್ತಕ ಕೇಳಿದ ನಿಮ್ಮ ಕಾಗದ ಬಂದ ದಿನ ನಾದಿನಿ ಎರೆಸಿ ಬಂದಿದ್ದಳು. ನಿಮ್ಮ ಮದುವೆ ಕುದುರಿಸಿದವಳು, ಮಾತು ಅತ್ತಿಂದಿತ್ತ ಒಯ್ಯುವುದು ಅವಳ ಹಕ್ಕು. ಪುಸ್ತಕ ಕಟ್ಟುತ್ತಿದ್ದೆ, ಕಿತ್ತುಕೊಂಡು ಓದಿದಳು.

"'ಹನ್ನೊಂದೂ ಕಾಲು, ಹೊಟ್ಟೆ ಕೆಟ್ಟು ಜೊಂಡಿಗೆ ಓಡಿದಾಗ, ನಲವತ್ತೆರಡು ಗೆರೆ.' 'ಎರಡು ಗಂಟೆ, ಬೆತ್ತಲೆ ಮೈ ತೊಳೆಯುವಾಗ, ನೂರಾ ಎಂಟು.' ಏನೇ ಇದು? ಇದನ್ನ ಅಳಿಯನಿಗೆ ಕಳಿಸ್ತೀಯಾ?"

"ಅವರೇ ಕೇಳಿದ್ದಾರಲ್ಲೇ."

"ಅವರು ಕೇಳಿದ್ದು ಹೊಳೆದು. ನಿನ್ನ ಮೈದು ಕೇಳಿಲ್ಲ. ನಾಳೆಯಿಂದ ಎರಡು ಗಂಟೆ ಆದಾಗೆಲ್ಲ ಆ ಮನುಷ್ಯ ಪಟ್ಟಣದಲ್ಲಿ ಕೂತು ಏನು ನೆನಪಿಸ್ಕೋಬೇಕು? ಅತ್ತೆ ಅಳಿಯ ಕಟ್ಟು ಮುರಿದ್ರೆ ಕೈಕಾಲು ನಡುಗೋ ರೋಗ ಬರುತ್ತೆ ಇಬ್ಬರಿಗೂ. ಮಗಳನ್ನ ಜವುಗಿಗೆ ಹಾಕಿದ್ದು ಸಾಲ್ದಾ, ಮರ್ಯಾದೆನೂ ಹಾಕ್ಬೇಕಾ?"

"ಬರೀ ಗೆರೆ ಬರೆದುಕೊಟ್ಟರೆ?"

"ಗೆರೆ ಬರಿ. ಹೊತ್ತು ಏಳು ಅಂತ ಬರಿ. ನನ್ನ ಅಣ್ಣ ಏಳಕ್ಕೆ ಹೋಗ್ತಿದ್ದ. ಏಳು ಮರ್ಯಾದಸ್ಥ ಹೊತ್ತು."

ಮೂರು ವಾರ ಕೂತು ನಕಲು ಮಾಡಿದೆ. ಸೋಪು ಸಿಕ್ಕ ಅಕ್ಷರದಲ್ಲಿ. ಮುಗಿದ ಮೇಲೆ ಹಳೆಯದನ್ನು ಒಲೆಗೆ ಹಾಕಿದೆ. ಯಾರ ಕೈಗೂ ಸಿಗಬಾರದೆಂದು ಹಾಳೆ ಹಾಳೆ ಕಿತ್ತು ಹಾಕಿದೆ. ಒಂದು ಮಡಕೆ ಮಟೋಕೆ ಬಾಳೆಕಾಯಿ ಬೇಯುವಷ್ಟೂ ಉರಿಯಲಿಲ್ಲ, ಮೇಲೆ ಸೌದೆ ಇಡಬೇಕಾಯಿತು.

ನೀವು ಅಂದೇ ಮಡಕೆಯ ಲೆಕ್ಕ ಬರೆದಿದ್ದರೆ ಎರೆಸಿಯನ್ನು ಅಂಗಳದಾಚೆ ಅಟ್ಟುತ್ತಿದ್ದೆ. ನನಗೆ ಆಸೆ ಹುಟ್ಟಬಾರದೆಂದು ಸುಮ್ಮನಿದ್ದಿರಿ. ನಿಮಗೆ ನನ್ನ ಮೈ ಕಾಣಬಾರದೆಂದು ನಾನು ಸುಟ್ಟೆ. ಇಬ್ಬರೂ ಎಷ್ಟು ಮರ್ಯಾದಸ್ಥರು ನೋಡಿ. ಮಗಳು ಜವುಗಿನಲ್ಲೇ ಇದ್ದಾಳೆ.

ನೆನಪಿನಿಂದ ಬರೆಯೋಣವೆಂದು ಕೂತೆ. ಒಂದೂ ಬರಲಿಲ್ಲ.

ಯೂನಿಯಾ


ಕಂಪಾಲ
20 ಆಗಸ್ಟ್ 1997

ಅತ್ತೆಯವರಿಗೆ,

ಇವತ್ತಿಗೆ ವರ್ಷ. ಪೆರೇಪೆತ್ವಳನ್ನು ಚರ್ಚಿಗೆ ಕರೆದುಕೊಂಡು ಹೋಗಿದ್ದೆ. ಅಮ್ಮನ ಸಮಾಧಿ ಎಲ್ಲಿದೆ ಎಂದು ಕೇಳಿದಳು. ಅಜ್ಜಿಯ ಊರಿನಲ್ಲಿ ಎಂದೆ. ತೋಟದಲ್ಲಾ ಎಂದಳು. ಹೂಂ ಎಂದೆ.

ನೀವು ಸುಟ್ಟದ್ದನ್ನು ಹೇಳಿದಿರಿ. ನಾನು ಸುಟ್ಟದ್ದನ್ನೂ ಹೇಳಬೇಕು. ಹೇಳದಿದ್ದರೆ ನಿಮ್ಮ ಕಾಗದವನ್ನು ಮನೆಯಲ್ಲಿ ಇಟ್ಟುಕೊಳ್ಳಲಾಗುವುದಿಲ್ಲ.

ದೇಹ ಸಿಕ್ಕ ಮರುದಿನ ಸೆಬಾಗಲ ಹಿರಿಯರು ನನ್ನನ್ನು ಕೂರಿಸಿಕೊಂಡು ಕೇಳಿದರು. ಅವಳಿಗಿಂತ ಮೊದಲು ಹತ್ತಕ್ಕೆ ದಾಟಿದವನಿಗೆ ನೀರು ಮೊಣಕಾಲಿಗಿತ್ತು, ಆಮೇಲೆ ಐದಕ್ಕೆ ದಾಟಿದವನಿಗೂ ಮೊಣಕಾಲಿಗೇ. ನಡುವೆ ದಾಟಿದವಳು ಮುಳುಗಿದ್ದು ಹೇಗೆ? "ಮನೇಲಿ ಏನಾದ್ರೂ ಮಾತು ಬಂದಿತ್ತೇನಪ್ಪಾ?" ಎಂದರು. ಬಂದಿತ್ತು ಎಂದೆ. "ಹೊರಡೋವಾಗ ಏನಂದಳು?" ಎಂದರು.

"ಸತ್ತು ಹೋಗ್ತೀನಿ ಅಂದಳು" ಎಂದೆ.

ಅವಳು ಅಂದದ್ದು ಪೂರ್ತಿ ಹೀಗೆ. "ಈ ಒಂದೇ ಕೋಣೆಲಿ ನಿನ್ನ ಜೊತೆ ಉಸಿರುಗಟ್ಟಿ ಸತ್ತು ಹೋಗ್ತೀನಿ. ಅಮ್ಮನ ಹತ್ರ ಹೋಗಿ ನಾಲ್ಕು ದಿನ ಇದ್ದು ಬರ್ತೀನಿ. ಮಗೂಗೆ ಸೋಮವಾರ ಲಸಿಕೆ ಇದೆ, ಅಷ್ಟರಲ್ಲಿ ಬರ್ತೀನಿ."

ಉಳಿದದ್ದನ್ನು ನಾನು ಹೇಳಲಿಲ್ಲ. ಹೇಳಿದ್ದರೆ ಉಸಿರುಗಟ್ಟಿದ್ದು ಏಕೆಂದು ಕೇಳುತ್ತಿದ್ದರು. ಹಿಂದಿನ ದಿನ ನಾನು ಅವಳನ್ನು ಹೊಡೆದಿದ್ದೆ. ಒಂದು ಸಲ ಅಲ್ಲ. ಅದು ಹೊರಗೆ ಬರಬಾರದೆಂದು ಅರ್ಧ ಮಾತು ನುಂಗಿದೆ. ಹೆಣದ ಮುಂದೆ ನಿಂತು ನನ್ನ ಮಾನ ನೋಡಿಕೊಂಡೆ.

ಲೆಕ್ಕ ಕಲಿತದ್ದು ಅದಕ್ಕೇ. ಹೊಳೆಯೇ ತಪ್ಪಿತಸ್ಥ ಎಂದಾದರೆ ನನ್ನ ಅರ್ಧ ಮಾತು ಯಾರಿಗೂ ಬೇಕಾಗುತ್ತಿರಲಿಲ್ಲ.

ಎರಿಸಾ


ಕಿಟೊಸಿ
5 ಅಕ್ಟೋಬರ್ 1997

ಕ್ಷೇಮ ಕೇಳಿಲ್ಲ.

ನಿಮ್ಮ ಕಾಗದವನ್ನು ಯಾರಿಗೂ ತೋರಿಸದೆ ಓದಿದೆ, ಎರಡು ಸಲ. ಆಮೇಲೆ ಹೊಳೆಗೆ ಹೋಗಿ ಕೈ ತೊಳೆದುಕೊಂಡೆ. ತೊಳೆಯುವಾಗ ಕಂಬ ನೋಡಿದೆ. ಅರವತ್ತೇಳು ಗೆರೆ, ಬೆಳಿಗ್ಗೆ ಹತ್ತೂ ನಲವತ್ತು. ಬರೆದುಕೊಂಡೆ. ಬರೆದುಕೊಳ್ಳುವಾಗ ನಿಮ್ಮ ಕುತ್ತಿಗೆ ಹಿಡಿದುಕೊಂಡಿದ್ದೆ ಅಂತ ತಿಳಿಯಿರಿ.

ಅವಳ ಮೈಮೇಲೆ ಏಟಿನ ಗುರುತಿತ್ತು. ತೊಳೆದವಳು ನಾನು. ಹೊಳೆಯ ಕಲ್ಲು ತಾಗಿದ್ದು ಅಂದರು. ನಾನೂ ಅಂದೆ. ಎದೆಗೆ ಅವುಚಿಕೊಂಡು ಬೆಳೆಸಿದ ಮೈ, ಕಲ್ಲಿನ ಗುರುತು ಯಾವುದು ಬೆರಳಿನ ಗುರುತು ಯಾವುದು ನನಗೆ ತಿಳಿಯದೆ? ಆದರೂ ಕಲ್ಲು ಅಂದೆ. ಅಳಿಯನ ಮೇಲೆ ಆಪಾದನೆ ಹೊರಿಸಿದ ಅತ್ತೆ ಅಂತ ಎರೆಸಿ ಊರೆಲ್ಲ ಹೇಳುತ್ತಾಳೆಂದು ಕಲ್ಲು ಅಂದೆ. ನಿಮ್ಮದು ಅರ್ಧ ಮಾತು, ನನ್ನದು ಪೂರ್ತಿ ಮೌನ. ನನ್ನನ್ನೂ ಬಿಡುವುದಿಲ್ಲ ನಾನು, ನಿಮ್ಮನ್ನೇಕೆ ಬಿಡಲಿ.

ಇದರ ಜೊತೆ ಹಾಳೆ ಇದೆ. ಆಗಸ್ಟ್ ಹನ್ನೆರಡರಿಂದ ಸೆಪ್ಟೆಂಬರ್ ಮೂವತ್ತರವರೆಗೆ ತೊಂಬತ್ತಾರು ಅಳತೆ. ಪಾದ್ರಿಗಳ ರೇಡಿಯೋಗೆ ಹೊಂದಿಸಿದ ಗಡಿಯಾರ. ಒಂದೂ ಏಳು ಗಂಟೆಯದ್ದಲ್ಲ. ಸ್ನಾನದ್ದಿದೆ, ಜೊಂಡಿನದ್ದಿದೆ, ಮಂಡಿ ನೋವಿಗೆ ಬಟ್ಟೆ ಮೇಲೆತ್ತಿ ನೀರಲ್ಲಿ ಕೂತದ್ದಿದೆ, ಜವುಗಿಗೆ ಮಣ್ಣು ಹೊತ್ತು ಹಾಕಿ ಬಂದು ಕಾಲು ತೊಳೆದದ್ದಿದೆ. ಪ್ರತಿಯೊಂದನ್ನೂ ಓದಿ. ಒಂದನ್ನೂ ಬಿಡಬೇಡಿ. ನನಗೆ ನಡುಗುವ ರೋಗ ಬರುತ್ತದಂತೆ, ಬರಲಿ. ನಿಮಗೆ ಮೊದಲು ಬರಲಿ.

ಮಡಕೆ ಹುಡುಕಿ.


ಕಂಪಾಲ
14 ಡಿಸೆಂಬರ್ 1997

ಅತ್ತೆಯವರಿಗೆ,

ಮಡಕೆ ಸಿಕ್ಕಿತು.

ಇಪ್ಪತ್ತೊಂಬತ್ತು ತಾಸು ಹತ್ತು ನಿಮಿಷ. ತೊಂಬತ್ತಾರು ಅಳತೆಗಳಲ್ಲಿ ನೀರು ಏರಿದ್ದ ಹೊತ್ತಿನ ಗಂಟುಗಳೆಲ್ಲ ಗೋಡೆ ಕಟ್ಟಿದಂತೆ ಒಂದೇ ಸಾಲಿಗೆ ಬಂದವು. ಮೇಡಂ ಕಂಪ್ಯೂಟರಿನ ಮುಂದೆ ಎದ್ದು ನಿಂತರು. ದಿನಕ್ಕೊಂದು ಸಲ ಸರಿಯಾಗಿ ಏಳಕ್ಕೇ ಓದಿದ್ದರೆ ಇಷ್ಟು ಸ್ಪಷ್ಟವಾಗಿ ಸಿಗುತ್ತಿರಲಿಲ್ಲ, ಬೇರೆ ಸುಳ್ಳು ಮಡಕೆಗಳೂ ಕೂಡಿಬಿಡುತ್ತಿದ್ದವು, ಈ ಹೆಂಗಸು ಹೊತ್ತಲ್ಲದ ಹೊತ್ತಿನಲ್ಲಿ ಹೋದದ್ದರಿಂದಲೇ ಸಿಕ್ಕಿತು ಎಂದರು. ಹೊಳೆಗೆ ಬಡಿತವಿದೆ. ನೀರು ಒಂದೇ ಸಮ ಎಂದು ಕಂಪನಿ ಹೇಳುವುದು ಸುಳ್ಳು.

ಆ ಹಾಳೆ ಹಿಡಿದು ಹೋದ ವಾರ ಊರಿಗೆ ಬಂದಿದ್ದೆ. ನಿಮ್ಮ ಅಂಗಳದ ಕಡೆ ಬರುವಂತಿರಲಿಲ್ಲ, ನೇರವಾಗಿ ಹಿರಿಯರ ಬಳಿಗೆ ಹೋದೆ. ಅಲ್ಲಿ ನಡೆದದ್ದನ್ನು ಇದ್ದಂತೆ ಬರೆಯುತ್ತೇನೆ, ಅರ್ಧ ಅಲ್ಲ.

ಸೆಬಾಗಲರು ಹಾಳೆಯನ್ನು ತಿರುವಿ ಮುರುವಿ ನೋಡಿದರು.

"ಇದು ಯಾವ ವರ್ಷದ ಹೊಳೆ?"

"ಈ ವರ್ಷದ್ದು."

"ಹುಡುಗಿ ಸತ್ತದ್ದು?"

"ಹೋದ ವರ್ಷ."

"ಹಾಗಾದ್ರೆ ಈ ವರ್ಷ ಸತ್ತೋರು ಯಾರಾದ್ರೂ ಇದ್ರೆ ಕರ್ಕೊಂಡು ಬಾ, ತೋಟದೊಳಗೆ ಮಲಗಿಸ್ತೀವಿ."

ನಕ್ಕರು, ಎಲ್ಲರೂ. ಆದರೆ ಅತ್ತೆಯವರೇ, ಅವರು ತಮಾಷೆಗೆ ಅಂದದ್ದೇ ಲೆಕ್ಕದಲ್ಲೂ ನಿಜ. ಈ ವರ್ಷದ ಬಡಿತ ಹಿಡಿದು ಹೋದ ವರ್ಷಕ್ಕೆ ಹಿಂದಕ್ಕೆ ಎಣಿಸಿಕೊಂಡು ಹೋಗಬಹುದೇ ಎಂದು ಮೇಡಂ ಹತ್ತಿರ ಕೇಳಿದ್ದೆ. ಒಂದು ಸುತ್ತಿನಲ್ಲಿ ಐದು ನಿಮಿಷ ಆಚೀಚೆ ಇರಬಹುದು. ವರ್ಷಕ್ಕೆ ಮುನ್ನೂರು ಸುತ್ತು. ಐದೈದು ನಿಮಿಷ ಕೂಡಿ ಒಂದು ಇಡೀ ಹಗಲು ರಾತ್ರಿಯಾಗುತ್ತದೆ. ಆ ಮಧ್ಯಾಹ್ನ ನೀರು ಮೊಣಕಾಲಿಗಿತ್ತು ಅಂತಲೂ ಅನ್ನಬಹುದು, ತಲೆ ಮೇಲಿತ್ತು ಅಂತಲೂ ಅನ್ನಬಹುದು. ಆ ದಿನವನ್ನು ಹೇಳಲು ಆ ತಿಂಗಳ ಗಂಟುಗಳೇ ಬೇಕಿತ್ತು.

ಕೊನೆಗೆ ನನ್ನ ಉಳಿದರ್ಧ ಮಾತನ್ನು ಹೇಳಿದೆ. ಹೊಡೆದದ್ದನ್ನೂ ಹೇಳಿದೆ. ಸೆಬಾಗಲರು, "ಹೋದ ವರ್ಷ ಒಂದು ನಾಲಿಗೆ, ಈ ವರ್ಷ ಒಂದು. ಮುಂದಿನ ವರ್ಷ ಮೂರನೇದು ಬೆಳೆದ ಮೇಲೆ ಬಾರಪ್ಪಾ. ಮೂರರಲ್ಲಿ ಯಾವುದು ಅಂತ ಆಗ ನೋಡೋಣ" ಎಂದರು. ಪಕ್ಕದವರು, "ಹೊಡೆಸಿಕೊಂಡವಳು ಅಂದ್ರೆ ಹಾರಿಕೊಳ್ಳೋಕೆ ಕಾರಣ ಇನ್ನೂ ಗಟ್ಟಿಯಾಯ್ತಲ್ಲ" ಎಂದರು.

ಹಾಳೆಯ ಒಂದು ಪ್ರತಿಯನ್ನು ಕಂಪನಿಗೂ ಕೊಟ್ಟಿದ್ದೇನೆ.

ಎರಿಸಾ


ಕಿಟೊಸಿ
8 ಫೆಬ್ರವರಿ 1998

ಅಳಿಯಂದಿರಿಗೆ,

ಕಂಪನಿಯವರು ಬಂದಿದ್ದರು. ಕಡವಿನ ಮೇಲೆ ಕಬ್ಬಿಣದ ಕಂಬ ನೆಟ್ಟು ಅದಕ್ಕೆ ಸೈರನ್ ಕಟ್ಟಿದ್ದಾರೆ. ಮೇಲೆ ಬಾಗಿಲು ತೆಗೆದರೆ ಇಲ್ಲಿ ಕೂಗುತ್ತದೆ, ಅರ್ಧ ತಾಸಿನ ಮೇಲೆ ನೀರು ಬರುತ್ತದೆ. ಟೈ ಕಟ್ಟಿದ ಒಬ್ಬ ಭಾಷಣ ಮಾಡಿದ. ಇದು ತಪ್ಪೊಪ್ಪಿಗೆಯಲ್ಲವಂತೆ, ನದಿದಂಡೆಯ ಜನರ ಮೇಲಿನ ಪ್ರೀತಿಯಂತೆ. ಸೆಬಾಗಲ ಭಾವನವರು ಎದ್ದು ಅವನಿಗೆ ಹುಂಜ ಕೊಟ್ಟರು. ಹೆಂಗಸರು ಸಂಭ್ರಮಕ್ಕೆ ನಾಲಿಗೆ ಹೊರಳಿಸಿ ಉಲಿ ಹಾಕಿದರು. ನಾನು ಹಾಕಲಿಲ್ಲ. ಎರೆಸಿ ಹಾಕಿದಳು, ನನ್ನದನ್ನೂ ಸೇರಿಸಿ.

ಒಳ್ಳೆಯದನ್ನು ಒಳ್ಳೆಯದೇ ಅನ್ನಬೇಕು. ಹೋದ ವಾರ ಬಟ್ಟೆ ಒಗೆಯುತ್ತಿದ್ದ ಬಸುರಿಯೊಬ್ಬಳು ಸೈರನ್ ಕೇಳಿ ಬಟ್ಟೆ ಬಿಟ್ಟು ದಡಕ್ಕೆ ಓಡಿದಳು. ಬಟ್ಟೆ ಹೋಯಿತು, ಅವಳು ಉಳಿದಳು. ನನ್ನ ಮುಂದೆಯೇ ಬಟ್ಟೆಗಾಗಿ ಅತ್ತಳು, ಹುಚ್ಚಿ. ನಾನು ಅವಳಿಗೆ ನನ್ನ ಹಳೇ ಬಟ್ಟೆ ಕೊಟ್ಟು ಬೈದು ಕಳಿಸಿದೆ.

ಆ ಸಂಜೆಯೇ ಭಾವನವರ ಹತ್ತಿರ ಹೋದೆ. ಮಂಡಿಯೂರಿದೆ. ಏಳಿಸಲು ಇಬ್ಬರು ಬೇಕಾಯಿತು, ಅದು ಆಮೇಲೆ. "ಭಾವ, ಈಗ ನೀವೇ ನೋಡಿದ್ರಲ್ಲ, ನೀರು ಹೇಗೆ ಬರುತ್ತೆ ಅಂತ. ಅವಳನ್ನ ಒಳಗೆ ತನ್ನಿ" ಅಂದೆ. ಪುಸ್ತಕ ಸುಟ್ಟದ್ದು ಹೇಳಿದೆ. ಯಾಕೆ ಸುಟ್ಟೆ ಅಂತಲೂ ಗಂಡಸರೆಲ್ಲರ ಮುಂದೆ ಹೇಳಿದೆ. ಕೆಲವರು ನೆಲ ನೋಡಿದರು, ಕೆಲವರು ನನ್ನ ಮೈ ನೋಡಿದರು.

"ಯೂನಿಯಾ," ಅಂದರು ಭಾವ, ಮೆತ್ತಗೇ ಅಂದರು, "ನಿನ್ನ ಹೊಟ್ಟೆ ಉರಿಯುತ್ತೆ, ನನಗೆ ಗೊತ್ತು. ಆದ್ರೆ ಇದ್ದ ಪುಸ್ತಕದಲ್ಲಿ ಏಳು ಅಂತಿದೆ, ನಿನ್ನದೇ ಕೈಬರಹ. ಇಲ್ಲದ ಪುಸ್ತಕ ಹಿಡಿದು ಸತ್ತೋರ ತೋಟ ಅಗೆಯೋಕಾಗುತ್ತಾ? ನಾಳೆ ಎಲ್ಲರೂ ಸುಟ್ಟುಹೋದ ಪುಸ್ತಕ ತಗೊಂಡು ಬರ್ತಾರೆ."

ಮಾತು ಸರಿಯಾಗಿದೆ. ಅದೇ ನನ್ನ ಸಂಕಟ. ಕೆಟ್ಟ ಮನುಷ್ಯ ಕೆಟ್ಟ ಮಾತಾಡಿದರೆ ಉಗಿದು ಬರಬಹುದಿತ್ತು.

ಇನ್ನು ನನ್ನ ಕೆಲಸ ಹೇಳುತ್ತೇನೆ, ಗಮನವಿಟ್ಟು ಓದಿ. ಕುಲದ ತೋಟದಲ್ಲಿ ನಿಮ್ಮ ಮಾವನ ಪಕ್ಕ ನನಗೆ ಜಾಗ ಬಿಟ್ಟಿದ್ದಾರೆ. ಒಳ್ಳೆಯ ಜಾಗ, ಮಣ್ಣು ಕುಸಿಯುವುದಿಲ್ಲ. ನನಗೆ ಬೇಡ. ಜವುಗಿನಲ್ಲಿ ಅವಳ ಎಡಕ್ಕೆ ನಾಲ್ಕು ಗೂಟ ಹೊಡೆದು ಬಂದಿದ್ದೇನೆ. ಎರೆಸಿಗೆ ಹೇಳಿದರೆ ಊರು ಸೇರಿಸಿ ಗೂಟ ಕೀಳಿಸುತ್ತಾಳೆ. ಅಳಿಯ ಅತ್ತೆಯ ಹೆಣದ ಮುಖ ನೋಡುವಂತಿಲ್ಲ, ಆದ್ದರಿಂದ ನೀವು ಹತ್ತಿರ ಬರುವುದು ಬೇಡ. ದೂರ ನಿಂತು ಒಂದೇ ಒಂದು ಮಾತು ಹೇಳಿದರೆ ಸಾಕು.

ನಾನು ಹಾಸಿಗೆಯ ಮೇಲೆ ಕೆಮ್ಮಿ ಸತ್ತರೂ, ಭಾವನವರು ನಿಮ್ಮನ್ನು ಕೂರಿಸಿಕೊಂಡು ಕೇಳಲಿ ಅಥವಾ ಬಿಡಲಿ, ಈ ಕಾಗದ ತೆಗೆದು ತೋರಿಸಿ. ಕೆಳಗಿನ ಸಾಲಿನಲ್ಲಿ ಬರೆದಿದ್ದೇನೆ ನೋಡಿ: ನಾನಾಗಿ ನಾನೇ ಸಾಯುತ್ತೇನೆ. ಸೋಪು ಸಿಕ್ಕ ಅಕ್ಷರದಲ್ಲಿ ಬರೆದಿದ್ದೇನೆ, ಕನ್ನಡಕವಿಲ್ಲದೆ ಓದಬಹುದು. ಅದರ ಹಿಂದೆ ಮುಂದೆ ಇರುವುದನ್ನು ಮಡಿಸಿ ಹಿಡಿಯಿರಿ. ಅಷ್ಟು ಮಾತ್ರ ಓದಿ ಹೇಳಿ, ಅವರೇ ನನ್ನನ್ನು ಜವುಗಿಗೆ ಒಯ್ಯುತ್ತಾರೆ.

ನಿಮಗೆ ಅಭ್ಯಾಸವಿದೆ. ಅವರೂ ನಂಬುತ್ತಾರೆ.

ಯೂನಿಯಾ ನಬ್ಬೋಸಾ